ಹೂಂಗುಟ್ಟಿದವಳು

ಕಾಲರಿನ ಒಳಮಗ್ಗುಲಿಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಾಗ ಚುಸ್ಸೆಂದು ಹಬೆ ಎದ್ದಿತು. ತಂಗಿ ಬೆನ್ನ ಹಿಂದೆಯೇ ನಿಂತು ಗೊಣಗುತ್ತಿದ್ದಳು.

"ಸಾಕು ಬಿಡೇ ಅಕ್ಕ. ಮೇಲೆ ಜನ ಕಾಯ್ತಿದ್ದಾರೆ. ಭಾವನ ಅಂಗಿ ಸುಕ್ಕಾಗಿದ್ರೆ ಈಗ ಯಾರು ನೋಡ್ತಾರೆ?"

"ನಾನು ನೋಡ್ತೀನಿ," ಎಂದಳು ಇಸ್ತ್ರಿಯಮ್ಮ.

ಬೀದಿಗೆಲ್ಲ ಅವಳು ಇಸ್ತ್ರಿಯಮ್ಮ. ಮದುವೆಯಾಗಿ ಬಂದ ವರ್ಷ ಮನೆಯ ಕೆಳಗಿನ ಈ ಅಂಗಡಿಯಲ್ಲಿ ಮೇಜಿನ ಮುಂದೆ ನಿಂತವಳು ಇನ್ನೂ ಕೂತಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯೇನಲ್ಲ, ಹೆಚ್ಚುಕಮ್ಮಿ ನಿಜವೇ. ಗಂಡನನ್ನು ಬೀದಿ 'ರೈಟ್ರು' ಎಂದು ಕರೆಯುತ್ತಿತ್ತು. ರೈಟರು ಕಾದಂಬರಿ ಬರೆಯುತ್ತಿದ್ದರು, ಅದೂ ಒಂದೆರಡಲ್ಲ, ಸಾಲು ಸಾಲು. ಕುಂಟ ಪತ್ತೇದಾರನದು ಒಂದು ಸಾಲು, ಹಡಗಿನದು ಒಂದು ಸಾಲು, ಗಡಿಯಾರ ರಿಪೇರಿಯ ಮನೆತನದ್ದು ಇನ್ನೊಂದು. ಪ್ರಕಾಶಕರು ಮೂಗು ಮುರಿದಾಗ ತಾವೇ ಅಚ್ಚು ಹಾಕಿಸಿ, ತಾವೇ ಕಟ್ಟು ಕಟ್ಟಿ, ತಾವೇ ಅಂಚೆಗೆ ಹೊತ್ತರು. ಯಾರ ಹಂಗೂ ನನಗಿಲ್ಲ ಎಂದು ಎದೆ ತಟ್ಟಿಕೊಳ್ಳುವರು. ಆಮೇಲೆ ಹೆಂಡತಿಯ ಕಡೆ ಓರೆಗಣ್ಣು ಬಿಟ್ಟು, "ಇಸ್ತ್ರಿ ಅಂಗಡಿಯದೊಂದು ಬಿಟ್ಟು" ಎಂದು ಸೇರಿಸುವರು.

ಮೊನ್ನೆ ಹಾಗೆಯೇ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ಕೈಯಲ್ಲಿದ್ದ ಪಾರ್ಸೆಲನ್ನು ಹಿಂದೆ ನಿಂತವರು ಯಾರೋ ಎತ್ತಿ ಕಿಟಕಿಗೆ ಕೊಟ್ಟರಂತೆ, ಒಳಗಿನವನು ಮುದ್ರೆ ಒತ್ತಿ ಚೀಲಕ್ಕೆ ಹಾಕಿದನಂತೆ. ಪುಸ್ತಕ ಯಾರ ಮನೆಗೋ ತಲುಪಿಯೂ ಇರಬಹುದು. ಅವರನ್ನು ಮಾತ್ರ ಬೇರೆಯವರು ಮನೆಗೆ ತಂದರು.

ಅಂಗಿ ಮಡಚದೆ ಎರಡು ಕೈ ಮೇಲೆ ಹಾಸಿಕೊಂಡು ಅವಳು ಮೆಟ್ಟಿಲು ಹತ್ತಿದಳು.

ಮೇಲಿನ ಹಜಾರ ಗುರುತಿಲ್ಲದ ಜನರಿಂದ ತುಂಬಿತ್ತು. ನೆಂಟರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಓದುಗರು. ಹೀಗೆ ಬರುತ್ತಾರೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ರೈಟರಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ತೋಳಿನ ನೆರಿಗೆ ನೇರ ಮಾಡಿ ಎದ್ದಳೋ ಇಲ್ಲವೋ, ಯೂನಿಫಾರಮ್ಮಿನಲ್ಲೇ ಬಂದಿದ್ದ ಬಸ್ ಕಂಡಕ್ಟರೊಬ್ಬ ಮುಂದೆ ಬಂದು ಕೈಮುಗಿದ.

"ಅಮ್ಮಾ, ನೀವೇನಾ ಹೂಂಗುಟ್ಟಿದವರು?"

ಅವಳು ಬೆಚ್ಚಿದಳು. ರೈಟರ ಪ್ರತಿ ಪುಸ್ತಕದ ಮೊದಲ ಹಾಳೆಯಲ್ಲೂ ಒಂದೇ ಒಂದು ಮಾತು ಇರುತ್ತಿತ್ತು: 'ಹೂಂಗುಟ್ಟಿದವಳಿಗೆ.' ಬೇಡ ಕಣ್ರೀ, ನಗ್ತಾರೆ ಜನ ಎಂದು ಅವಳು ಎಷ್ಟು ಸಲ ಹೇಳಿದರೂ ಅವರು ಕೇಳಿರಲಿಲ್ಲ.

"ಹೌದಪ್ಪ, ನಾನೇ," ಎಂದಳು ಸಣ್ಣ ದನಿಯಲ್ಲಿ.

"ನೋಡಿ, ನಾನು ಹೇಳಿರಲಿಲ್ವಾ!" ಎಂದು ಕಂಡಕ್ಟರ್ ಪಕ್ಕದಲ್ಲಿದ್ದ ಹಿರಿಯ ಹೆಂಗಸಿನ ಕಡೆ ತಿರುಗಿದ. ಆಕೆ ನಿವೃತ್ತ ಹೆಡ್‌ಮಿಸ್ಸು, ಗಡಿಯಾರದ ಮನೆತನದ ಪುಸ್ತಕಗಳನ್ನೆಲ್ಲ ಬಟ್ಟೆಚೀಲದಲ್ಲಿ ಹೊತ್ತು ತಂದಿದ್ದರು. ಕಂಡಕ್ಟರಿನದು ಪತ್ತೇದಾರನ ಪಕ್ಷ. ಹಡಗಿನ ಸರಣಿ ಅವನು ಮುಟ್ಟಿರಲಿಲ್ಲವಂತೆ. "ನಂಗೆ ಬಸ್ಸಲ್ಲೇ ತಲೆ ಸುತ್ತುತ್ತೆ, ಇನ್ನು ಹಡಗು ಯಾಕಮ್ಮಾ?" ಎಂದ. ಸಾವಿನ ಮನೆಯೆಂದು ನೆನಪಾಗಿ ತಕ್ಷಣ ನಾಲಿಗೆ ಕಚ್ಚಿಕೊಂಡ. ಇಸ್ತ್ರಿಯಮ್ಮನಿಗೆ ಮಾತ್ರ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ರೈಟರು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಹೆಡ್‌ಮಿಸ್ಸು ಅವಳ ಕೈ ಹಿಡಿದುಕೊಂಡರು. "ನೀವು ಎರಡು ಮಾತು ಹೇಳ್ಬೇಕಮ್ಮ. ಅವರನ್ನ ತಗೊಂಡು ಹೋಗೋ ಮುಂಚೆ. ನಾವೆಲ್ಲ ಪುಸ್ತಕ ಓದಿದವರು, ಅದನ್ನ ಹುಟ್ಟುವಾಗಲೇ ಕೇಳಿದವರು ನೀವೊಬ್ಬರೇ."

 "ನಂಗೆ ಮಾತಾಡೋಕೆ ಬರಲ್ಲ ಮಿಸ್ಸ್."

"ತೋಚಿದ್ದು ಹೇಳಿ ಸಾಕು."

ತೋಚಿದ್ದು ಒಂದೇ. ಇವರೆಲ್ಲ ದೂರದೂರದಿಂದ ಬಂದು ಕೈಮುಗಿಯುತ್ತಿರುವ ಈ ಹೂಂಗುಟ್ಟಿದವಳು ಅರ್ಧಕ್ಕರ್ಧ ಹೊತ್ತು ನಿದ್ದೆ ಮಾಡುತ್ತಿದ್ದಳು. ಅದು ರೈಟರಿಗೆ ಗೊತ್ತಾಗಲಿಲ್ಲ, ಗೊತ್ತಾಗದೆಯೇ ಹೋದರು ಎಂಬುದೊಂದೇ ಅವಳಿಗಿದ್ದ ಸಮಾಧಾನ.

*

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ರೈಟರು ಹಾಳೆಯ ಕಂತೆ ಹಿಡಿದು ಎದುರು ಕೂತಿದ್ದರು. "ಓದ್ತೀನಿ. ಹೇಗಿದೆ ಹೇಳು."

"ಹೇಗಿದೆ ಗೀಗಿದೆ ಅಂತ ಹೇಳೋಕೆ ನಂಗೆ ಬರಲ್ಲ ಕಣ್ರೀ. ನಮ್ಮಜ್ಜಿ ಕತೆ ಹೇಳೋವಾಗ ಹೂಂ ಅಂತಿದ್ದೆ. ಹೂಂ ಅನ್ನೋದು ನಿಂತ್ರೆ ಅಜ್ಜಿನೂ ಕತೆ ನಿಲ್ಸೋಳು. ಬೇಕಿದ್ರೆ ಹಾಗೆ ಹೂಂಗುಟ್ತೀನಿ."

"ಅದಕ್ಕಿಂತ ದೊಡ್ಡ ವಿಮರ್ಶೆ ಯಾವುದಿದೆ? ಹೂಂಗುಟ್ಟು," ಎಂದಿದ್ದರು ರೈಟರು.

ಅಂದಿನಿಂದ ಅದೇ ಪದ್ಧತಿಯಾಯಿತು. ಅಂಗಡಿಯ ಬಾಗಿಲು ಎಳೆದು ಮೇಲೆ ಬಂದು, ಎರಡು ತುತ್ತು ತಿಂದು, ಅವಳು ಗೋಡೆಗೊರಗಿ ಕಾಲು ನೀಡಿಕೊಳ್ಳುವಳು. ಅವರು ಎದುರಿಗೆ ಚಕ್ಕಳಮಕ್ಕಳ ಹಾಕಿ ಅಂದಂದು ಬರೆದದ್ದನ್ನು ಓದುವರು. ಅಬ್ಬಬ್ಬಾ, ಆ ಓದುವ ಚೆಂದ! ಕೊಲೆಗಾರ ಬಂದರೆ ಹಲ್ಲು ಕಡಿಯುವರು. ಹಡಗಿಗೆ ಬಿರುಗಾಳಿ ಬಡಿದರೆ ಊಟದ ತಟ್ಟೆ ತೆಗೆದುಕೊಂಡು ದಬದಬ ಬಾರಿಸುವರು. ಪಕ್ಕದ ಮನೆಯವರು ಗೋಡೆ ಕುಟ್ಟಿ ಬೈದದ್ದೂ ಉಂಟು. ಅವಳ ಹೂಂ ಆಗೆಲ್ಲ ಜೋರು.

ಆದರೆ ಕತೆಯ ಗದ್ದಲವೆಲ್ಲ ಮುಗಿದು, ಮನೆಗೆ ಮರಳಿದ ಗಂಡಸಿಗೆ ಹೆಂಡತಿ ಬಾಗಿಲು ತೆರೆಯುವ ಜಾಗಕ್ಕೆ ಬಂದಾಗ ರೈಟರ ದನಿ ಇಳಿಯುತ್ತಿತ್ತು. ಅವರು ನಾಚಿಕೆಯ ಮನುಷ್ಯ. ಹಾಳೆಯಿಂದ ತಲೆಯೆತ್ತದೆ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಓದುವರು. ಇಡೀ ದಿನ ನಿಂತ ಅವಳ ಮೈ ಆ ದನಿಗೆ ಸಡಿಲವಾಗುವುದು. ಹೂಂ... ಹೂಂ... ಎಂದು ಎರಡು ಸಲ ಅಂದದ್ದು ನೆನಪು, ಆಮೇಲೆ ಕಣ್ಣು ಬಿಟ್ಟರೆ ಮೈಮೇಲೆ ಹೊದಿಕೆ ಇರುತ್ತಿತ್ತು. ಒಮ್ಮೆಯಂತೂ ಇಸ್ತ್ರಿಗೆ ಬಂದ ಗಿರಾಕಿಯ ಬೆಡ್‌ಶೀಟನ್ನೇ ಹೊದಿಸಿಬಿಟ್ಟಿದ್ದರು.

"ಅಯ್ಯೋ ರೀ, ಇದು ಡಾಕ್ಟರ ಮನೇದು!"

"ಇರಲಿ ಬಿಡು, ಬಿಸಿ ಮಾಡಿ ಕೊಟ್ಟೆವು ಅಂತ ಹೇಳು," ಎಂದು ನಕ್ಕು, ನಗು ಮುಗಿದ ಮೇಲೆ ಕೇಳಿದ್ದರು: "ಎಲ್ಲೀ ತನಕ ಕೇಳ್ದೆ?"

"ಎಲ್ಲಾ ಕೇಳ್ದೆ ಕಣ್ರೀ. ಚೆನ್ನಾಗಿತ್ತು."

"ಚೆನ್ನಾಗಿತ್ತಾ?"

"ಹೂಂ ಮತ್ತೆ."

ಅವರು ಹಾಳೆ ಜೋಡಿಸಿಕೊಂಡು ಎದ್ದರು.

*

ಹಜಾರದಲ್ಲಿ ಮಾತು ಪುಸ್ತಕಗಳ ಕಡೆ ಹೊರಳಿತ್ತು. ಇಸ್ತ್ರಿಯಮ್ಮ ರೈಟರ ತಲೆಯ ಹತ್ತಿರ ಕೂತು ಕೇಳುತ್ತಿದ್ದಳು. ಅವರ ಬಗ್ಗೆ ಇಷ್ಟು ಜನ ಮಾತಾಡುವುದನ್ನು ಕೇಳಿ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು, ಉರಿಯುತ್ತಲೂ ಇತ್ತು. ಹಾಳಾದವರು, ನಾಲ್ಕು ದಿನ ಮೊದಲು ಬರಬಾರದಿತ್ತೇ!

"ಅವರ ಪುಸ್ತಕದಲ್ಲಿ ಒಂದೇ ಒಂದು ಪುಟ ಬೇಜಾರಿಲ್ಲ," ಎಂದ ಕಂಡಕ್ಟರ್. "ಕೊನೇ ಸ್ಟಾಪ್ ಬಂದ್ರೂ ಗೊತ್ತಾಗಲ್ಲ."

"ನಿಜ," ಎಂದರು ಹೆಡ್‌ಮಿಸ್ಸು. "ಆದ್ರೆ ನಂದೊಂದು ಜಗಳ ಇತ್ತು ಅವರ ಹತ್ರ. ಕಾಗದನೂ ಬರೆದಿದ್ದೆ. ಗಂಡಸರು ಏನೇನೋ ಸಾಹಸ ಮಾಡ್ತಾರೆ, ಮನೆಗೆ ಬರ್ತಾರೆ, ಹೆಂಡ್ತಿ ಬಾಗಿಲು ತೆಗೀತಾಳೆ, ಮುಗೀತು ಅಧ್ಯಾಯ! ಆಮೇಲೆ ಆ ಮನೆಯೊಳಗೆ ಏನಾಯ್ತು? ಆ ಹೆಣ್ಣು ಬಾಯಿ ಬಿಟ್ಟು ಒಂದು ಮಾತಾಡಲ್ಲ. ಎಲ್ಲಾ ಪುಸ್ತಕದಲ್ಲೂ ಹಾಗೇ. ಇಷ್ಟು ತಿಳಿದ ಮನುಷ್ಯ ಹೆಂಗಸರನ್ನ ಹೊಸ್ತಿಲಲ್ಲೇ ಯಾಕೆ ನಿಲ್ಲಿಸ್ತಾರೆ ಅಂತ ಕೇಳಿದ್ದೆ. ಉತ್ತರ ಬರಲಿಲ್ಲ."

"ಉತ್ತರ ನಾನು ಹೇಳ್ತೀನಿ ಮಿಸ್ಸ್," ಎಂದ ಡಿಟಿಪಿಯವನು.

ರೈಟರ ಕೈಬರಹವನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪು ಮಾಡಿ ಪುಟ ಕಟ್ಟುತ್ತಿದ್ದವನು ಅವನು. ಪಕ್ಕದ ಬೀದಿಯಲ್ಲೇ ಅವನ ಅಂಗಡಿ. ಎರಡು ದಿನದಿಂದ ಈ ಮನೆಯಲ್ಲಿ ಓಡಾಡಿ ಗಂಟಲು ಕಟ್ಟಿತ್ತು. ಆದರೂ ರೈಟರನ್ನು ಹೊಗಳುವ ಅವಕಾಶ ಸಿಕ್ಕಿತೆಂದು ಅವನ ಮುಖ ಅರಳಿತು.

"ಸಾರ್ ಕೆಲಸ ಮಾಡೋ ರೀತಿನೇ ಬೇರೆ. ಬರೆದದ್ದನ್ನ ಮೊದಲು ಅಕ್ಕನಿಗೆ ಓದಿ ಹೇಳೋರು. ಅಕ್ಕ ಹೂಂ ಅನ್ನೋ ತನಕ ಸರಿ. ಎಲ್ಲಿ ಅಕ್ಕನಿಗೆ ತೂಕಡಿಕೆ ಬಂತೋ ಅಲ್ಲಿ ಪೆನ್ಸಿಲ್ಲಲ್ಲಿ ಗೆರೆ. ನಾನು ಟೈಪ್ ಮಾಡಿದ ಮೇಲೆ ಬಂದು, ಇಲ್ಲಿಂದ ಇಲ್ಲೀ ತನಕ ತೆಗೆದುಬಿಡು ಅನ್ನೋರು. ಅಷ್ಟೇ, ವಾದ ಇಲ್ಲ. ಅದಕ್ಕೇ ಒಂದು ಪುಟನೂ ಬೇಜಾರಾಗಲ್ಲ ನಿಮಗೆ. ಅದೆಲ್ಲಾ ಅಕ್ಕನ ಪ್ರತಾಪ!"

ಹಜಾರದಲ್ಲಿ ಮೆಲುನಗು ಹರಡಿತು. ಎಲ್ಲರೂ ಇಸ್ತ್ರಿಯಮ್ಮನ ಕಡೆ ಮೆಚ್ಚುಗೆಯಿಂದ ತಿರುಗಿದರು. ಕಂಡಕ್ಟರ್ ಮತ್ತೆ ಕೈಮುಗಿದ.

ಅವಳು ರೈಟರ ಮುಖ ನೋಡಿದಳು. ಮುಖ ಎಂದಿನ ಹಾಗೇ ಇತ್ತು, ಏನೂ ಗೊತ್ತಿಲ್ಲದವರ ಹಾಗೆ. ಗೊತ್ತಿತ್ತು. ಅವರಿಗೆ ಎಲ್ಲ ಗೊತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವರು ಬರೆದರು, ನಾನು ಮಲಗಿದೆ, ಅದು ಹೋಯಿತು. ಬಾಗಿಲು ತೆರೆದ ಆ ಹೆಂಗಸರನ್ನೆಲ್ಲ ಹೊಸ್ತಿಲಲ್ಲಿ ನಿಲ್ಲಿಸಿದವಳು ನಾನೇ.

ಇಸ್ತ್ರಿಯಮ್ಮ ಎದ್ದು ಅಡುಗೆಮನೆಗೆ ನಡೆದಳು. ಹೋಗುವಾಗ ಡಿಟಿಪಿಯವನ ತೋಳು ಹಿಡಿದು ಎಳೆದುಕೊಂಡೇ ಹೋದಳು.

"ಏನಿತ್ತು ಅದರಲ್ಲಿ?"

"ಯಾವುದರಲ್ಲಿ ಅಕ್ಕ?"

"ತೆಗೆದು ಹಾಕಿದ್ದರಲ್ಲಿ ಕಣೋ! ಏನು ಬರೆದಿದ್ರು?"

ಅವನು ಗಾಬರಿಯಾದ. ತಾನು ಹೇಳಿದ್ದರಲ್ಲಿ ಏನೋ ತಪ್ಪಾಗಿದೆ ಎಂದು ಈಗ ಹೊಳೆಯಿತು. "ಮನೆಯೊಳಗಿನ ಮಾತುಕತೆ ಅಕ್ಕ. ಗಂಡ ಹೆಂಡ್ತಿ ಕೂತು ಮಾತಾಡೋದು, ಉಣ್ಣೋದು, ಒಬ್ಬರಿಗೊಬ್ಬರು... ಹಾಗೆ. ಹೆಂಗಸರು ಇರೋ ಭಾಗ ಎಲ್ಲಾ. ಪತ್ತೇದಾರನ ಹೆಂಡ್ತಿ, ಕಪ್ತಾನನ ಹೆಂಡ್ತಿ. ಕೈಗೆ ಸುಟ್ಟ ಕಲೆ ಇರೋಳು, ನಗುವಾಗ ಸೆರಗು ಬಾಯಿಗೆ ಹಿಡಿಯೋಳು."

ಇಸ್ತ್ರಿಯಮ್ಮ ಬಾಯಿಗೆ ಹೋಗಿದ್ದ ಸೆರಗನ್ನು ಕೆಳಗಿಳಿಸಿದಳು.

"ನಾನು ಒಂದ್ಸಲ ಹೇಳ್ದೆ ಅಕ್ಕ. ಸಾರ್, ಇದು ತುಂಬಾ ಚೆನ್ನಾಗಿದೆ, ತೆಗೀಬೇಡಿ ಅಂತ. ಅದಕ್ಕೆ ಅವರು..." ಅವನು ತಡವರಿಸಿದ.

"ಏನಂದ್ರು? ಮುಚ್ಚಿಡಬೇಡ."

"ಯಾರಿಗೋಸ್ಕರ ಬರೆದೆನೋ ಅವಳಿಗೇ ನಿದ್ದೆ ಬಂತು, ಇನ್ನು ಇದನ್ನ ಯಾರಿಗೆ ಅಂತ ಇಡಲಿ, ಅಂದ್ರು."

ಅವಳಿಗೆ ಅಳು ಬರಲಿಲ್ಲ, ಮೊದಲು ಸಿಟ್ಟು ಬಂತು. "ಬೇಜಾರಾಗಿ ಅಲ್ವೋ! ಯಾರು ಹೇಳಿದ್ರು ಅವರಿಗೆ ನಂಗೆ ಬೇಜಾರು ಅಂತ? ಆ ದನಿ ಕಿವಿಗೆ ಬಿದ್ರೆ ನಂಗೆ ಎಲ್ಲಾ ನೋವೂ ಇಳಿದು ಹೋಗ್ತಿತ್ತು. ಅವರು ಪುಸ್ತಕ ಮಾರೋಕೆ ಪರವೂರಿಗೆ ಹೋದ್ರೆ ರಾತ್ರಿಯೆಲ್ಲಾ ಕಣ್ಣೇ ಮುಚ್ತಿರಲಿಲ್ಲ ನಾನು. ಅಷ್ಟು ಬುದ್ಧಿವಂತರು, ಬಾಯಿಬಿಟ್ಟು ಕೇಳಬಾರದಿತ್ತಾ ಒಂದು ಮಾತು?"

ಹೇಳಿದ ಮೇಲೆ ನೆನಪಾಯಿತು. ಅವರು ಕೇಳಿದ್ದರು. ಎಲ್ಲೀ ತನಕ ಕೇಳ್ದೆ ಎಂದು ಎದುರಿಗೆ ಕೂತು ಕೇಳಿದ್ದರು. ಎಲ್ಲಾ ಕೇಳ್ದೆ ಎಂದವಳು ಇವಳು. ನಿದ್ದೆ ಬಂತು ಕಣ್ರೀ, ನಿಮ್ಮ ದನಿಗೆ ನಿದ್ದೆ ಬಂತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರ ಮನಸ್ಸು ನೋಯಬಾರದೆಂದು ಆ ಮಾತು ಅಂದಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದೆಂದು ಸುಮ್ಮನಿದ್ದುಬಿಟ್ಟಿದ್ದರು.

"ಆ ಹಾಳೆಗಳು ಎಲ್ಲಿವೆ?"

"ಇಲ್ಲ ಅಕ್ಕ. ಕೈಬರಹ ಅವರೇ ಹರಿದು ಹಾಕೋರು. ನನ್ನ ಕಂಪ್ಯೂಟರಲ್ಲಿದ್ದದ್ದನ್ನ ಅಳಿಸಿದ್ದೀನಿ. ಬೇಡ ಅಂದದ್ದನ್ನ ಇಟ್ಕೊಳ್ಳೋದು ಸರಿ ಅಲ್ಲ ಅಂತ..." ಅವನು ಹಣೆ ಒರೆಸಿಕೊಂಡ. "ಒಂದೇ ಒಂದು ನೆನಪಿದೆ. ಅಳಿಸೋಕೆ ಮುಂಚೆ ಮತ್ತೆ ಮತ್ತೆ ಓದಿದ್ದೆ."

ಅಷ್ಟರಲ್ಲಿ ತಂಗಿ ಬಾಗಿಲಲ್ಲಿ ಕಾಣಿಸಿದಳು. "ಗಾಡಿಯವನು ಅವಸರ ಮಾಡ್ತಿದ್ದಾನೆ. ಎತ್ತೋಕೆ ಜನ ಬೇಕು, ನೀನೂ ಬಾಪ್ಪ. ಅಕ್ಕಾ, ಮಿಸ್ಸು ನಿನ್ನ ಎರಡು ಮಾತಿಗೆ ಕಾಯ್ತಿದ್ದಾರೆ, ಹೇಳೋದಿದ್ರೆ ಹೇಳಿಬಿಡು."

"ನಾನೇನು ಹೇಳಲಿ," ಎಂದಳು ಇಸ್ತ್ರಿಯಮ್ಮ. "ನಾನು ಕೇಳೋದೇ ಬಾಕಿ ಇದೆ."

ತಂಗಿಗೆ ಅರ್ಥವಾಗಲಿಲ್ಲ. ದುಃಖಕ್ಕೆ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಅಕ್ಕನ ಹೆಗಲು ಸವರಿ, ಡಿಟಿಪಿಯವನನ್ನು ಕರೆದುಕೊಂಡು ಹೋದಳು.

ರೈಟರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದರು. ಮುಂದೆ ಕಂಡಕ್ಟರ್ ಮತ್ತು ಡಿಟಿಪಿಯವನು, ಹಿಂದೆ ತಂಗಿಯ ಗಂಡ ಮತ್ತು ಪಕ್ಕದ ಮನೆಯವನು ಹೆಗಲು ಕೊಟ್ಟರು. ಹಜಾರ ದಾಟಿ ಮೆಟ್ಟಿಲ ಬಾಯಿಗೆ ಬಂದರು. ಮೆಟ್ಟಿಲು ಇಕ್ಕಟ್ಟು, ನಿಧಾನ, ನಿಧಾನ ಎಂದು ಯಾರೋ ಹೇಳುತ್ತಿದ್ದರು. ಕಂಡಕ್ಟರ್ ಮೊದಲ ಹೆಜ್ಜೆ ಇಳಿಸುವುದರೊಳಗೆ ಇಸ್ತ್ರಿಯಮ್ಮ ಜನರನ್ನು ಸರಿಸಿಕೊಂಡು ಬಂದು, ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ದಾರಿಗೆ ಅಡ್ಡ ನಿಂತಳು.

"ತಡೀರಿ."

"ಅಕ್ಕಾ, ದಾರಿ ಬಿಡೇ," ಎಂದು ತಂಗಿ ಮೇಲಿನಿಂದ ಅತ್ತಳು. "ಹೊತ್ತು ನಿಂತಿದ್ದಾರೆ."

"ಹೊತ್ತುಕೊಂಡಿರಲಿ." ಅವಳು ಡಿಟಿಪಿಯವನನ್ನೇ ನೋಡುತ್ತಿದ್ದಳು. "ಅದನ್ನ ಹೇಳಿಬಿಟ್ಟು ಇಳಿ. ಅವರು ಈ ಮನೆಯಲ್ಲಿ ಇರುವಾಗಲೇ ಕೇಳಬೇಕು ನಾನು."

ಅವನು ಅತ್ತಿತ್ತ ನೋಡಿದ. ಭಾರಕ್ಕೆ ಕತ್ತಿನ ನರ ಉಬ್ಬಿತ್ತು. ಹೆಡ್‌ಮಿಸ್ಸು ಹಿಂದಿನಿಂದ, "ಹೇಳಪ್ಪ," ಎಂದರು. ಅವರಿಗೆ ಎಷ್ಟು ತಿಳಿಯಿತೋ, ಅಂತೂ ಹೇಳೆಂದರು. 

"ಪತ್ತೇದಾರ ಕೊಲೆಗಾರನ್ನ ಹಿಡ್ಕೊಟ್ಟು ಮನೆಗೆ ಬರ್ತಾನೆ," ಎಂದು ಅವನು ಶುರು ಮಾಡಿದ. ಕಟ್ಟಿದ ಗಂಟಲು, ತಗಡು ಕೆರೆದ ಹಾಗಿತ್ತು. ಆ ದನಿಗೆ ನಿದ್ದೆ ಬರುವ ಮಾತೇ ಇರಲಿಲ್ಲ.

"ಹೂಂ," ಎಂದಳು.

"ಕೋಲು ಮೂಲೆಗೆ ಒರಗಿಸ್ತಾನೆ. ಹೆಂಡ್ತಿ ಒಲೆ ಮುಂದೆ ನಿಂತಿದ್ದಾಳೆ, ಮುಖ ಕಾಣಲ್ಲ."

"ಹೂಂ."

"ಅವನು ಪತ್ತೇದಾರ ಅಲ್ವಾ, ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ. ಮಣಿಕಟ್ಟಿನ ಮೇಲೆ ಕೆಂಪು ಗೆರೆ, ಅಂದ್ರೆ ಇವತ್ತು ಮತ್ತೆ ಸುಟ್ಕೊಂಡಿದ್ದಾಳೆ. ಒಂದೇ ಕಾಲಿನ ಮೇಲೆ ಭಾರ ಹಾಕಿದ್ದಾಳೆ, ಅಂದ್ರೆ ಬೆಳಗಿನಿಂದ ಕೂತಿಲ್ಲ. ಬೆಳಿಗ್ಗೆ ಬೋರಲು ಹಾಕಿದ ತಟ್ಟೆ ಹಾಗೇ ಇದೆ, ಅಂದ್ರೆ ಮಧ್ಯಾಹ್ನ ಉಂಡಿಲ್ಲ."

"ಹೂಂ." 

"ಇದು ಯಾರೂ ಬಂದು ದೂರು ಕೊಡದ ಕೇಸು ಅಂದ್ಕೋತಾನೆ. ಇದರಲ್ಲಿ ಅಪರಾಧಿ ನಾನೇ ಅಂದ್ಕೋತಾನೆ."

ಅವಳು ಕಂಬಿ ಹಿಡಿದುಕೊಂಡಳು. ಮೇಲೆ ಯಾರೋ ಬಿಕ್ಕಿದರು. ಕಂಡಕ್ಟರ್ ಹೆಗಲು ಬದಲಿಸಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. "ಹೂಂ," ಎಂದಳು ಅವಳು. "ಹೇಳು."

"ಬಚ್ಚಲಿಗೆ ಹೋಗಿ ನೀರು ಕಾಯಿಸ್ತಾನೆ. ಕುಂಟ್ಕೊಂಡು ಹೊತ್ತು ತರ್ತಾನೆ, ದಾರಿಯಲ್ಲೇ ಅರ್ಧ ಚೆಲ್ಲಿ ಹೋಗುತ್ತೆ. ಅವಳನ್ನ ಸ್ಟೂಲ್ ಮೇಲೆ ಕೂರಿಸಿ, ಅವಳ ಎರಡು ಕಾಲೂ ಆ ನೀರಿಗೆ ಇಳಿಸಿ, ತಾನು ನೆಲದ ಮೇಲೆ ಕೂತ್ಕೋತಾನೆ. ಬಿಸಿ ಹೆಚ್ಚಾಯ್ತಾ ಅಂತ ಕೇಳ್ತಾನೆ."

"ಹೂಂ. ಆಮೇಲೆ?"

"ಅಷ್ಟೇ ಅಕ್ಕ. ಅವಳು ಏನಂದ್ಲು ಅಂತ ಬರೆದಿರಲಿಲ್ಲ."

 ಕೆಳಗೆ ಗಾಡಿಯ ಇಂಜಿನ್ ಗುರುಗುಟ್ಟುತ್ತಿತ್ತು. ನಾಲ್ವರ ಹೆಗಲೂ ನೋಯುತ್ತಿತ್ತು. ಇಸ್ತ್ರಿಯಮ್ಮ ತಲೆಯೆತ್ತಿ ಪೆಟ್ಟಿಗೆಯ ಕಡೆ ನೋಡಿದಳು.

"ಇಲ್ಲ ಕಣ್ರೀ," ಎಂದಳು. "ಹದವಾಗಿದೆ."

ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಇಳಿದರು. ಗಾಡಿಯ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೂ ಅವಳು ಆ ತಣ್ಣನೆಯ ಮೆಟ್ಟಿಲ ಮೇಲೆ, ಬರಿಗಾಲಿನಲ್ಲಿ, ಎರಡು ಪಾದ ಜೋಡಿಸಿಕೊಂಡು ಕದಲದೆ ನಿಂತಿದ್ದಳು.